ಕ್ಷಮೆ ಸಿಕ್ಕ ಮೇಲೂ ಉಳಿಯುವ ದುಃಖ

ಅಮೆರಿಕದ ಡೊರೊಥಿ ಡೇ ಅವರನ್ನು ಸಂತರೆಂದು ಘೋಷಿಸಬಹುದೇ ಎಂಬ ಪರಿಶೀಲನೆ ಕಥೋಲಿಕ ಧರ್ಮಸಭೆಯಲ್ಲಿ 2000ನೇ ಇಸವಿಯಿಂದ ನಡೆದಿದೆ. 1933ರಲ್ಲಿ ಪೀಟರ್ ಮೌರಿನ್ ಜೊತೆಗೂಡಿ ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆ ಶುರುಮಾಡಿ, ನ್ಯೂಯಾರ್ಕಿನಲ್ಲಿ ಹಸಿದವರಿಗೆ ಊಟವನ್ನೂ ಸೂರಿಲ್ಲದವರಿಗೆ ಹಾಸಿಗೆಯನ್ನೂ ಕೊಡುತ್ತ ಬದುಕು ಸವೆಸಿದವರು ಅವರು. ಈ ಡೊರೊಥಿ ಇಪ್ಪತ್ತು ದಾಟಿದ ಹೊಸತರಲ್ಲಿ, 1919ರ ಸುಮಾರಿಗೆ, ಗರ್ಭಪಾತ ಮಾಡಿಸಿಕೊಂಡಿದ್ದರು. ಪ್ರೀತಿಸಿದ ಗಂಡಸನ್ನು ಕಳೆದುಕೊಳ್ಳಬಾರದೆಂದು ಹಾಗೆ ಮಾಡಿದರು; ಆತ ಬಿಟ್ಟೇ ಹೋದ. 1924ರಲ್ಲಿ ಬಂದ ಕಾದಂಬರಿಯಲ್ಲಿ ಅದನ್ನು ಕತೆಯ ಮರೆಯಲ್ಲಿ ಹೇಳಿದರು. ಇನ್ನು ತಮಗೆ ಮಕ್ಕಳಾಗಲಾರವು ಎಂಬ ಹೆದರಿಕೆಯಲ್ಲಿದ್ದಾಗ 1926ರಲ್ಲಿ ಮಗಳು ಹುಟ್ಟಿದಳು. ಆ ಸಂತೋಷ ಅವರನ್ನು ದೇವರ ಕಡೆಗೆ ತಿರುಗಿಸಿತು. 1927ರ ಡಿಸೆಂಬರಿನಲ್ಲಿ ಕಥೋಲಿಕರಾದರು.

ಅಲ್ಲಿಗೆ, ಧರ್ಮಸಭೆಯ ಬೋಧನೆಯಂತೆ, ಹಿಂದಿನದೆಲ್ಲಕ್ಕೂ ಕ್ಷಮೆ ಸಿಕ್ಕಿತ್ತು. ಆದರೂ 1952ರ ಆತ್ಮಕಥೆಯಲ್ಲಿ ಗರ್ಭಪಾತದ ಸುದ್ದಿಯೇ ಇಲ್ಲ. ಹಳೆಯ ಕಾದಂಬರಿಯ ಪ್ರತಿಗಳನ್ನು ಹುಡುಕಿ ನಾಶಮಾಡಲು ಹೊರಟಿದ್ದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ 1973ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ತೀರ ಕುಸಿದುಹೋಗಿದ್ದ ಒಬ್ಬ ಯುವತಿಗೆ ಕಾಗದ ಬರೆದರು. ತಾವೂ ಆ ಕತ್ತಲೆಯನ್ನು ದಾಟಿ ಬಂದವರು, ತಮಗೂ ಗರ್ಭಪಾತವಾಗಿತ್ತು, ಬದುಕು ಬೇಡವೆನಿಸಿತ್ತು ಎಂದು ಆ ಹುಡುಗಿಗೆ ತಿಳಿಸಿದರು.

ಕ್ಷಮೆ ಸಿಕ್ಕ ದಿನಕ್ಕೂ ಈ ಕಾಗದಕ್ಕೂ ನಡುವೆ ನಲವತ್ತೈದು ವರ್ಷ. ದೇವರ ಕ್ಷಮೆ ಒಂದು ಕ್ಷಣದಲ್ಲಿ ಸಿಗುವುದಾದರೆ ಮನಸ್ಸು ವಾಸಿಯಾಗಲು ಇಷ್ಟು ಕಾಲ ಯಾಕೆ ಬೇಕಾಯಿತು? ನನಗೆ ಹೊಳೆಯುವ ಉತ್ತರ ಹೀಗಿದೆ. ಗರ್ಭಪಾತದ ನಂತರ ಒಬ್ಬ ವಿಶ್ವಾಸಿ ಹೆಣ್ಣಿನ ಎದೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿರಬಹುದು: ತಪ್ಪು ಮಾಡಿದೆ ಎಂಬ ಭಾವ ಒಂದು, ಕಳೆದುಕೊಂಡೆ ಎಂಬ ದುಃಖ ಇನ್ನೊಂದು. ಮೊದಲನೆಯದಕ್ಕೆ ಕ್ರೈಸ್ತ ಧರ್ಮದ ಬಳಿ ಸಿದ್ಧ ಉತ್ತರವಿದೆ. ಎರಡನೆಯದಕ್ಕೆ ಕೂತು ಕೇಳುವ ಜನ ಬೇಕು. ಕ್ಷಮೆ ಕೊಟ್ಟೆವಲ್ಲ, ಇನ್ನೇನು ಎಂದು ಸಭೆ ಎದ್ದುಹೋದಾಗ ದುಃಖ ಒಬ್ಬಂಟಿಯಾಗಿ ಉಳಿಯುತ್ತದೆ, ಕ್ರಮೇಣ ಮತ್ತೆ ಅಪರಾಧದ ವೇಷ ತೊಡುತ್ತದೆ. ನಾನು ಕ್ಷಮಿಸಲ್ಪಟ್ಟಿದ್ದರೆ ಇನ್ನೂ ಯಾಕೆ ಅಳುತ್ತಿದ್ದೇನೆ ಎಂದು ಆಕೆ ತನ್ನ ವಿಶ್ವಾಸವನ್ನೇ ಅನುಮಾನಿಸತೊಡಗುತ್ತಾಳೆ.

ಕ್ಷಮೆಯ ಮಾತನ್ನೇ ಮೊದಲು ನೋಡೋಣ, ಏಕೆಂದರೆ ಅದು ಕೂಡ ತಲುಪಬೇಕಾದವರಿಗೆ ತಲುಪಿಲ್ಲ. ಕಥೋಲಿಕ ಧರ್ಮಸಂಹಿತೆಯ ಪ್ರಕಾರ ಗರ್ಭಪಾತ ಮಾಡಿಸಿದವರಿಗೆ ಬಹಿಷ್ಕಾರ ತಾನಾಗಿಯೇ ತಗುಲುತ್ತದೆ. ಇದನ್ನು ಹಳ್ಳಿಯ ಅಜ್ಜಿಯೂ ಕೇಳಿರುತ್ತಾಳೆ. ಅದೇ ಸಂಹಿತೆಯ ಮುಂದಿನ ಮಾತುಗಳನ್ನು ಕೇಳಿದವರು ಕಡಿಮೆ. 18 ತುಂಬದವಳಿಗೆ, ತೀವ್ರ ಭಯಕ್ಕೆ ಸಿಕ್ಕಿ ಒಪ್ಪಿದವಳಿಗೆ, ಇಂಥದೊಂದು ದಂಡನೆ ಇದೆಯೆಂದೇ ತನ್ನ ತಪ್ಪಿಲ್ಲದೆ ತಿಳಿಯದವಳಿಗೆ ಆ ಬಹಿಷ್ಕಾರ ತಗುಲುವುದಿಲ್ಲ. ಅಂದರೆ ತಾನು ಸಭೆಯ ಹೊರಗಾದೆ ಎಂದು ವರ್ಷಾನುಗಟ್ಟಲೆ ಪರಮಪ್ರಸಾದ ಸ್ವೀಕರಿಸದೆ ಹಿಂದಿನ ಬೆಂಚಿನಲ್ಲಿ ಕೂತವರಲ್ಲಿ ಕೆಲವರಾದರೂ ಯಾವತ್ತೂ ಹೊರಗಾಗಿರಲೇ ಇಲ್ಲ. ಅವರಿಗೆ ಅದನ್ನು ಯಾರೂ ಹೇಳಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್, ಆಗ ಆರಂಭವಾಗಲಿದ್ದ ಕರುಣೆಯ ವರ್ಷದಲ್ಲಿ ಈ ಪಾಪಕ್ಕೆ ಎಲ್ಲ ಗುರುಗಳೂ ಕ್ಷಮಾದಾನ ನೀಡಬಹುದು ಎಂದು ಅನುಮತಿ ಕೊಟ್ಟರು. 2016ರ ನವೆಂಬರಿನಲ್ಲಿ ಆ ಅನುಮತಿಗೆ ಕೊನೆಯ ದಿನವೇ ಇಲ್ಲವೆಂದರು. ಅದಕ್ಕೆ ಮೊದಲು ಎಷ್ಟೋ ಕಡೆ ಬಿಷಪರಿಂದ ವಿಶೇಷ ಅಧಿಕಾರ ಪಡೆದ ಗುರುಗಳು ಮಾತ್ರ ಅದನ್ನು ಮಾಡಬಹುದಿತ್ತು. ನಡುಗುತ್ತ ಪಾಪನಿವೇದನೆಗೆ ಬಂದವಳನ್ನು ಇನ್ನೊಂದು ಬಾಗಿಲಿಗೆ ಕಳಿಸುವ ವ್ಯವಸ್ಥೆ ಅದು. ಎಷ್ಟು ಜನ ಆ ಎರಡನೆಯ ಬಾಗಿಲಿಗೆ ಹೋಗಿಯಾರು?

ಇಷ್ಟು ಸಲೀಸಾಗಿ ಕ್ಷಮಿಸಿದರೆ ಪಾಪದ ಭಯವೇ ಹೋಗುತ್ತದೆ ಎಂಬ ಆಕ್ಷೇಪ ಆಗ ಎದ್ದಿತು, ಈಗಲೂ ಇದೆ. ಈ ಭಯಕ್ಕೆ ಬಹಳ ವಯಸ್ಸಾಗಿದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸು ಬಿಡಿಸಿದ ಪ್ರಸಂಗ ಯೋಹಾನನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಅದಕ್ಕೆ ಸಂತ ಅಗಸ್ಟೀನ್ ಸುಮಾರು 1600 ವರ್ಷಗಳ ಹಿಂದೆಯೇ ಒಂದು ಕಾರಣ ಊಹಿಸಿದ್ದರು: ತಮ್ಮ ಹೆಂಡತಿಯರಿಗೆ ಇದು ಸಲಿಗೆ ಕೊಟ್ಟೀತೆಂದು ಹೆದರಿದ ಅಲ್ಪವಿಶ್ವಾಸಿ ಗಂಡಸರು ಆ ಭಾಗವನ್ನು ತೆಗೆದುಹಾಕಿರಬೇಕು. ಹಸ್ತಪ್ರತಿಗಳ ಬಗ್ಗೆ ಅಗಸ್ಟೀನರ ಊಹೆ ನಿಜವೋ ಅಲ್ಲವೋ ವಿದ್ವಾಂಸರು ಹೇಳಲಿ. ಗಂಡಸರ ಬಗ್ಗೆ ಅವರ ಊಹೆ ಸುಳ್ಳಲ್ಲ. ಆ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಘಟನೆಗಳ ಕ್ರಮ. ಕಲ್ಲು ಹಿಡಿದ ಗುಂಪು ಮೊದಲು ಚದರುತ್ತದೆ, ಆಮೇಲೆ ಯೇಸು ಅವಳೊಡನೆ ಮಾತಾಡುತ್ತಾರೆ. ಅವಳ ಬದುಕಿನ ಮಾತು ಗುಂಪಿನ ಎದುರು ಆಡುವಂಥದಾಗಿರಲಿಲ್ಲ.

ಅಗ್ಗದ ಕೃಪೆಯ ವಿರುದ್ಧ ಅತಿ ಗಟ್ಟಿಯಾಗಿ ಬರೆದವರು ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹೋಫರ್, 1937ರಲ್ಲಿ. 1945ರಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಕ್ಷಮೆಯನ್ನು ಬಿಗಿಹಿಡಿಯಬೇಕೆನ್ನುವವರು ಅವರ ಹೆಸರನ್ನು ಮುಂದಿಡುವುದುಂಟು. ಆದರೆ ನೀತಿಶಾಸ್ತ್ರದ ಬಗ್ಗೆ ಅವರು ಬರೆದಿಟ್ಟು, ಅವರ ಮರಣಾನಂತರ ಪ್ರಕಟವಾದ ಪುಸ್ತಕದಲ್ಲಿ ಗರ್ಭಪಾತದ ಪ್ರಸ್ತಾಪವೇ ಬರುತ್ತದೆ. ಅದನ್ನು ಕೊಲೆಯೆಂದೇ ಕರೆಯುತ್ತಾರೆ, ರಿಯಾಯಿತಿ ತೋರಿಸುವುದಿಲ್ಲ. ಅದರ ಬೆನ್ನಿಗೇ, ಬಡತನ ಮತ್ತು ಹತಾಶೆಯಿಂದ ಅದು ನಡೆದಾಗ ದೋಷ ಅನೇಕ ವೇಳೆ ಆ ವ್ಯಕ್ತಿಗಿಂತ ಸಮುದಾಯದ ಮೇಲೆಯೇ ಹೆಚ್ಚು ಬೀಳುತ್ತದೆ ಎನ್ನುತ್ತಾರೆ. ಇದಕ್ಕಿಂತ ಕಟ್ಟುನಿಟ್ಟಾದ ಮಾತು ಬೇರೆ ಬೇಕೆ? ಪಾಪವನ್ನು ಪಾಪವೆನ್ನಿ, ಆದರೆ ಅದರ ಪಾಲುದಾರರನ್ನೆಲ್ಲ ಕರೆಯಿರಿ ಎಂದಂತಾಯಿತು. ಪೋಪ್ ಎರಡನೇ ಜಾನ್ ಪಾಲ್ ಕೂಡ 1995ರ ವಿಶ್ವಪತ್ರದಲ್ಲಿ ಮಗುವಿನ ತಂದೆ, ಮನೆಯವರು, ಸ್ನೇಹಿತರು, ವೈದ್ಯರು, ಶಾಸನ ಮಾಡುವವರು ಎಂದು ಹೊಣೆಗಾರರ ಸಾಲನ್ನೇ ಹೆಸರಿಸಿದ್ದಾರೆ.

ನಮ್ಮಲ್ಲಿ ಆ ಸಾಲು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದೆ. ಭಾರತದ ಕಾನೂನು 1971ರಿಂದ ಗರ್ಭಪಾತಕ್ಕೆ ಅವಕಾಶ ಕೊಟ್ಟಿದೆ. ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಂದಾಜಿನಂತೆ 2015ರಲ್ಲಿ ದೇಶದಲ್ಲಿ 1.56 ಕೋಟಿ ಗರ್ಭಪಾತಗಳಾದವು, ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ. ಇವರಲ್ಲಿ ಕ್ರೈಸ್ತರಿಲ್ಲವೆಂದು ಯಾರೂ ನಂಬಬೇಕಿಲ್ಲ. ‘ಈಗಲೇ ಬೇಡ’ ಎಂದವನು ಗಂಡ. ‘ಮೂರನೆಯದೂ ಹೆಣ್ಣಾದರೆ?’ ಎಂದವಳು ಅತ್ತೆ. ಮದುವೆಯಾಗದ ಹುಡುಗಿಯಾದರೆ ಮಾನದ ಹೆಸರಿನಲ್ಲಿ ರಾತ್ರೋರಾತ್ರಿ ಬೇರೆ ಊರಿಗೆ ಕರೆದೊಯ್ದವರು ತಂದೆತಾಯಿ. ಆ ಮಾನವನ್ನು ಅಳೆಯುವವರು ಭಾನುವಾರ ಅದೇ ದೇವಾಲಯದಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವವರು. ಎಲ್ಲ ಮುಗಿದ ಮೇಲೆ ‘ನಾನು ತೆಗೆಸಿಕೊಂಡೆ ಫಾದರ್’ ಎಂದು ಮಂಡಿಯೂರುವವಳು ಅವಳೊಬ್ಬಳೇ. ಒತ್ತಾಯಿಸಿ ಸಹಕರಿಸಿದವರಿಗೂ ದಂಡನೆ ಉಂಟು ಎನ್ನುತ್ತದೆ ಧರ್ಮಸಂಹಿತೆ. ಆ ಪಾಪವನ್ನು ತನ್ನದೆಂದು ನಿವೇದಿಸಿಕೊಳ್ಳುವ ಗಂಡಂದಿರು ವಿರಳ. ಐವರ ಹೊರೆಯನ್ನು ಒಬ್ಬಳು ಹೊತ್ತಿರುವಾಗ ಅವಳ ಪಾಲಿನದಕ್ಕೆ ಮಾತ್ರ ಕ್ಷಮೆ ಕೊಟ್ಟರೆ ಉಳಿದ ನಾಲ್ಕು ಪಾಲು ಎಲ್ಲಿ ಹೋಗಬೇಕು? ಅವಳ ಬೆನ್ನ ಮೇಲೆಯೇ ಉಳಿಯುತ್ತದೆ. ವಾಸಿಯಾಗದಿರುವುದಕ್ಕೆ ಇದು ದೊಡ್ಡ ಕಾರಣ.

ವಿಶ್ವಾಸವೇ ಗಾಯ ಮಾಡಬಲ್ಲದು ಎಂಬುದಕ್ಕೆ ಬೆಳಗಾವಿಯ ಸವಿತಾ ಹಾಲಪ್ಪನವರ ಸಾಕ್ಷಿ. ಐರ್ಲೆಂಡಿನ ಗಾಲ್ವೇಯಲ್ಲಿದ್ದ ಈ ದಂತವೈದ್ಯೆಗೆ 17 ವಾರಗಳ ಗರ್ಭ ನಿಲ್ಲದೆ ಜಾರುತ್ತಿತ್ತು. ಬಯಸಿದ್ದ ಮಗು ಅದು, ಉಳಿಯುವ ಹಾಗಿರಲಿಲ್ಲ. ಭ್ರೂಣದ ಎದೆಬಡಿತ ಇದೆಯೆಂದು ಆಸ್ಪತ್ರೆಯವರು ಗರ್ಭಪಾತ ನಿರಾಕರಿಸಿದರು. ನಂಜೇರಿ 2012ರ ಅಕ್ಟೋಬರ್ 28ರಂದು, 31ರ ವಯಸ್ಸಿನಲ್ಲಿ, ಸವಿತಾ ತೀರಿಕೊಂಡರು. ಕಥೋಲಿಕ ಬೋಧನೆಯ ನೆರಳಿನಲ್ಲಿ 1983ರಲ್ಲಿ ಆ ದೇಶದ ಸಂವಿಧಾನಕ್ಕೆ ಸೇರಿದ್ದ ತಿದ್ದುಪಡಿ ಆ ನಿರಾಕರಣೆಯ ಹಿಂದಿತ್ತು. 2018ರ ಮೇ ತಿಂಗಳಲ್ಲಿ ಐರಿಷ್ ಜನರೇ ಅದನ್ನು ಮತ ಹಾಕಿ ತೆಗೆದರು. ಗರ್ಭಪಾತವಾದವಳಿಗೆ ಸಾಂತ್ವನದ ಮಾತಾಡಲು ಹೊರಡುವ ಯಾವ ಕ್ರೈಸ್ತನೂ ಸವಿತಾರನ್ನು ಮರೆತು ಮಾತಾಡಬಾರದು. ಎಲ್ಲ ಗರ್ಭಪಾತಗಳನ್ನೂ ಒಂದೇ ತಕ್ಕಡಿಗೆ ಹಾಕುವ ಮಾತು ಸಾಂತ್ವನವಾಗಲಾರದು.

ಇನ್ನು ದುಃಖದ ಮಾತು. ಅದರ ತಿರುಳಿನಲ್ಲಿ ಒಂದು ಪ್ರಶ್ನೆ ಇರುತ್ತದೆ, ಎಷ್ಟೋ ತಾಯಂದಿರು ಅದನ್ನು ಬಾಯಿಬಿಟ್ಟು ಕೇಳುವುದೇ ಇಲ್ಲ: ನನ್ನ ಮಗು ಈಗ ಎಲ್ಲಿದೆ? ಇಲ್ಲಿ ಧರ್ಮಸಭೆ ನಡೆದು ಬಂದ ದಾರಿ ಉದ್ದದ್ದು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೆ ಅತಿ ಸೌಮ್ಯವಾದದ್ದಾದರೂ ದಂಡನೆ ಉಂಟೆಂದರು ಅಗಸ್ಟೀನ್. ಮಧ್ಯಯುಗದವರು ಆ ಕಾಠಿಣ್ಯ ತಾಳಲಾರದೆ ಸ್ವರ್ಗವೂ ಅಲ್ಲದ, ಯಾತನೆಯೂ ಇಲ್ಲದ ಲಿಂಬೋ ಎಂಬ ಅಂಚಿನ ಲೋಕವನ್ನು ಕಲ್ಪಿಸಿದರು. 2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೇವಶಾಸ್ತ್ರ ಆಯೋಗ, ಇಂಥ ಶಿಶುಗಳು ರಕ್ಷಣೆ ಹೊಂದುತ್ತಾರೆಂದು ಆಶಿಸಲು ಬಲವಾದ ಆಧಾರಗಳಿವೆ ಎಂದಿತು. ನಿಶ್ಚಿತ ಜ್ಞಾನವೆನ್ನಲಿಲ್ಲ, ಆಶಿಸಬಹುದೆಂದಿತು. 1995ರ ವಿಶ್ವಪತ್ರದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಗರ್ಭಪಾತ ಮಾಡಿಸಿಕೊಂಡ ಹೆಂಗಸರನ್ನೇ ಉದ್ದೇಶಿಸಿ ಬರೆದ ಪರಿಚ್ಛೇದ ಅದರಲ್ಲಿದೆ. ಈಗ ಪ್ರಭುವಿನಲ್ಲಿ ಬದುಕಿರುವ ನಿಮ್ಮ ಮಗುವಿನ ಬಳಿ ನೀವು ಕ್ಷಮೆ ಕೇಳಬಹುದು ಎಂಬ ಅರ್ಥದ ಮಾತು ಮೊದಲ ಪ್ರಕಟಣೆಯಲ್ಲಿತ್ತು. ಅಧಿಕೃತ ಲತೀನ್ ಪಾಠ ಬಂದಾಗ, ಆ ಮಗುವನ್ನು ಭರವಸೆಯಿಂದ ತಂದೆಯ ಕರುಣೆಗೆ ಒಪ್ಪಿಸಬಹುದು ಎಂದು ಅದು ಬದಲಾಗಿತ್ತು. ದೇವಶಾಸ್ತ್ರಜ್ಞರ ಎಚ್ಚರಿಕೆ ನನಗೆ ಅರ್ಥವಾಗುತ್ತದೆ. ಆದರೂ ಎರಡು ಪಾಠಗಳಿಗೂ ಸಮಾನವಾದದ್ದು ಹೆಚ್ಚು ಮುಖ್ಯವೆನಿಸುತ್ತದೆ: ಎರಡರಲ್ಲೂ ಅವಳು ತಾಯಿ, ಅದು ಅವಳ ಮಗು. ಕಳೆದುಕೊಂಡದ್ದಕ್ಕೆ ಅಳುವ ಹಕ್ಕನ್ನು ಅದು ಅವಳಿಗೆ ಮರಳಿ ಕೊಡುತ್ತದೆ. ತಾನೇ ಕಾರಣಳಾದ ಸಾವಿಗೆ ಅಳುವ ಹಕ್ಕು ತನಗಿಲ್ಲವೆಂದು ಆಕೆ ಅಷ್ಟು ದಿನ ನಂಬಿದ್ದಳು.

ಯೆರೆಮೀಯನ ಪ್ರವಾದನೆಯಲ್ಲಿ ಮಕ್ಕಳನ್ನು ಕಳೆದುಕೊಂಡ ರಾಹೇಲಳು ಸಮಾಧಾನವನ್ನೇ ಒಲ್ಲೆನೆಂದು ಅಳುತ್ತಾಳೆ. ಅವಳ ಹೆಸರಿನಲ್ಲಿ 1984ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ವಿಕಿ ಥಾರ್ನ್ ಎಂಬ ಮಹಿಳೆ ಗರ್ಭಪಾತದ ನಂತರ ನೊಂದವರಿಗಾಗಿ ‘ಪ್ರಾಜೆಕ್ಟ್ ರೇಚಲ್’ ಎಂಬ ಸೇವೆ ಆರಂಭಿಸಿದರು. ಮುಂದೆ ಇಂಥ ಸಾಂತ್ವನದ ಶಿಬಿರಗಳೂ ಬೆಳೆದವು. ಮಗುವಿಗೆ ಹೆಸರಿಡುವುದು, ಕಾಗದ ಬರೆಯುವುದು, ಸ್ಮರಣೆಯ ಪ್ರಾರ್ಥನೆ ಮಾಡುವುದು ಅಲ್ಲಿನ ಕ್ರಮ. ಇದರಿಂದ ಹಗುರಾದವರಿದ್ದಾರೆ, ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಇಂಥ ಸೇವೆಯ ಸುತ್ತ ಒಂದು ವಾದವೂ ಬೆಳೆದಿದೆ: ಗರ್ಭಪಾತವಾದ ಪ್ರತಿ ಹೆಣ್ಣಿಗೂ ಒಳಗಾಯ ಇದ್ದೇ ಇರುತ್ತದೆ, ಇಲ್ಲವೆಂದರೆ ಅದನ್ನು ಅವಳು ಅದುಮಿಟ್ಟಿದ್ದಾಳೆ. ಇದನ್ನು ಒಪ್ಪಲಾಗದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ‘ಟರ್ನ್‌ಅವೇ’ ಅಧ್ಯಯನ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಹಿಂಬಾಲಿಸಿತು. ಗರ್ಭಪಾತವಾದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ತಮ್ಮ ನಿರ್ಧಾರ ತಮಗೆ ಸರಿಯೇ ಆಗಿತ್ತೆಂದರು. ಸುತ್ತಲಿನವರು ತಮ್ಮನ್ನು ಕೀಳಾಗಿ ಕಂಡಾರೆಂದು ಅಳುಕಿದವರಲ್ಲಿ, ನಿರ್ಧಾರ ಕಷ್ಟವಾಗಿದ್ದವರಲ್ಲಿ ದುಃಖವೂ ಅಪರಾಧಭಾವವೂ ಹೆಚ್ಚಿದ್ದವು. ಇದರಿಂದ ಗರ್ಭಪಾತದ ಸರಿ-ತಪ್ಪು ತೀರ್ಮಾನವಾಗುವುದಿಲ್ಲ. ನಿರಾಳವಾಗಿರುವುದೊಂದೇ ನೈತಿಕತೆಯ ಅಳತೆಗೋಲಲ್ಲ. ಆದರೆ ಗಾಯವಿಲ್ಲದವಳಲ್ಲಿ ಗಾಯ ಹುಡುಕಿ ತೋರಿಸುವುದು ಸಭೆಯ ಕೆಲಸವಲ್ಲ ಎಂಬುದು ತೀರ್ಮಾನವಾಗುತ್ತದೆ. ಇತ್ತ, ‘ಏನೂ ಆಗಿಲ್ಲ, ಮರೆತುಬಿಡು’ ಎನ್ನುವ ಉದಾರವಾದಿ ಸ್ನೇಹಿತರೂ, ತಾನು ತಪ್ಪಿದೆ ಎಂದು ತಾನಾಗಿ ತಿಳಿದವಳ ಅಂತಃಸಾಕ್ಷಿಯನ್ನು ಕಾಯಿಲೆಯೆಂದು ಕರೆದು ಅವಮಾನಿಸುತ್ತಾರೆ. ಇಬ್ಬರೂ ಅವಳು ಹೇಳುವ ಮೊದಲೇ ಅವಳ ಮನಸ್ಸನ್ನು ಬಲ್ಲವರಂತೆ ಮಾತಾಡುತ್ತಾರೆ.

ಡೊರೊಥಿ ಡೇ ಆ ಕಾಗದ ಬರೆದಾಗ ಪೀಠದಲ್ಲಿ ಕೂತು ಬರೆಯಲಿಲ್ಲ, ತಾನೂ ಅಲ್ಲಿದ್ದೆ ಎಂದು ಬರೆದರು. ಹಾಗೆ ಬರೆಯಬಲ್ಲ ಹೆಂಗಸರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರು ಬಾಯಿ ತೆರೆಯಬೇಕಾದರೆ ಮೊದಲು ಗುರುಗಳು, ಸಭಾಪಾಲಕರು ಮಾತಾಡಬೇಕು. ಎಲ್ಲ ಗುರುಗಳೂ ಈ ಕ್ಷಮಾದಾನ ನೀಡಬಹುದೆಂಬ 2016ರ ಆ ಅನುಮತಿಯನ್ನು ಒಂದು ಭಾನುವಾರದ ಪ್ರಬೋಧನೆಯಲ್ಲಿ ಸರಳ ಕನ್ನಡದಲ್ಲಿ ಹೇಳಿ. ಭಯಪಟ್ಟು ಒಪ್ಪಿದವಳಿಗೆ ಬಹಿಷ್ಕಾರವಿಲ್ಲ ಎಂಬುದನ್ನೂ ಹೇಳಿ. ಕಳೆದ ಮಗುವಿಗಾಗಿ ಅಳುವುದು ಅವಿಶ್ವಾಸವಲ್ಲ ಎಂದೂ ಹೇಳಿ. ಹೇಳುವಾಗ ಗಂಡಸರು ಕೂತ ಕಡೆಗೂ ಮುಖ ಮಾಡಿ, ಪಾಪನಿವೇದನೆಗೆ ಅವರೂ ಬರಲಿ ಎಂದು ಕರೆಯಿರಿ.