ಸಂಗ್ರಹವೋ ಸನ್ನಾಹವೋ?

ಶರಣಧರ್ಮವು ಕಾಯಕವನ್ನು ಎಷ್ಟು ಎತ್ತಿ ಹಿಡಿಯಿತೋ ಸಂಗ್ರಹವನ್ನು ಅಷ್ಟೇ ಅಲ್ಲಗಳೆಯಿತು. ದುಡಿಯುವುದು ದೇಹಧರ್ಮ, ದುಡಿದುದನ್ನು ಹಂಚಿ ಉಣ್ಣುವುದು ದಾಸೋಹಧರ್ಮ, ಉಳಿದುದನ್ನು ನಾಳೆಗೆಂದು ಬಚ್ಚಿಡುವುದು ಈ ಎರಡಕ್ಕೂ ಹೊರತಾದುದು. ಈ ಮಾತಿಗೆ ತಲೆದೂಗದವರಿಲ್ಲ. ಆದರೆ ನಿತ್ಯಜೀವನದಲ್ಲಿ ಪ್ರಶ್ನೆಯು ಇಷ್ಟು ಸರಳವಾದ ರೂಪದಲ್ಲಿ ಎದುರಾಗುವುದಿಲ್ಲ. ಅದು ಅಂಗಡಿಯ ಮುಂದೆ, ಕಿಸೆಯ ಹಣವನ್ನು ಎಣಿಸುವ ಹೊತ್ತಿನಲ್ಲಿ, ಒಂದು ಚಿಕ್ಕ ವಸ್ತುವಿನ ವೇಷ ಧರಿಸಿ ಬರುವುದು: ಒಂದು ಇದೆ, ಇನ್ನೊಂದನ್ನು ಕೊಳ್ಳಬೇಕೆ, ಬೇಡವೆ?

ಯಲಬುರ್ಗಾ ಸೀಮೆಯ ತರುಣನೊಬ್ಬನು ಉದ್ಯೋಗನಿಮಿತ್ತವಾಗಿ ದೊಡ್ಡ ಪಟ್ಟಣವನ್ನು ಸೇರಿ, ಅಲ್ಲಿ ಜಪಾನ್ ದೇಶದ ಕೆಂಡೊ ಎಂಬ ಕತ್ತಿವರಸೆಯನ್ನು ಕಲಿಯುತ್ತಿರುವನೆಂದು ಭಾವಿಸಬಹುದು. ಊರಿನ ಗರಡಿಯ ಮಣ್ಣಿನಲ್ಲಿ ಬೆಳೆದವನಿಗೆ ಹೊರನಾಡಿನ ಸಾಧನೆಯೂ ಪರಕೀಯವೆನಿಸುವುದಿಲ್ಲ. ಆ ವಿದ್ಯೆಯಲ್ಲಿ ಉಕ್ಕಿನ ಕತ್ತಿಗೆ ಬದಲಾಗಿ ನಾಲ್ಕು ಬಿದಿರಿನ ಸೀಳುಗಳನ್ನು ಕೂಡಿಸಿ ಕಟ್ಟಿದ ‘ಶಿನಾಯ್’ ಎಂಬ ಕೋಲನ್ನು ಹಿಡಿಯುವರು. ತಲೆಗೆ, ಎದೆಗೆ, ಸೊಂಟಕ್ಕೆ, ಕೈಗಳಿಗೆ ಕವಚ ತೊಡುವರು. ಕೈಗವಸಿಗೆ ‘ಕೋತೆ’ ಎಂದು ಹೆಸರು. ಎದುರಾಳಿಯ ಮುಂಗೈಯು ಆ ಆಟದಲ್ಲಿ ವಿಧಿವತ್ತಾದ ಗುರಿಗಳಲ್ಲೊಂದು; ಪೆಟ್ಟು ಅಲ್ಲಿಗೆ ಬೀಳಲೇಬೇಕು, ಕೈಗವಸು ಅದನ್ನು ತಡೆಯಲೇಬೇಕು. ಹಿಡಿಕೆಯ ಉಜ್ಜುವಿಕೆಯಿಂದ ಅದರ ಅಂಗೈಭಾಗದ ತೊಗಲು ಎಲ್ಲಕ್ಕಿಂತ ಮೊದಲು ತೆಳುವಾಗುವುದು. ಬೆವರಿನಿಂದ ಒದ್ದೆಯಾದುದನ್ನು ಗಾಳಿಗೆ ಇಟ್ಟು ಒಣಗಿಸದಿದ್ದರೆ ತೊಗಲು ಬಿರುಸಾಗಿ ಬಿರಿಯುವುದು. ಆದಕಾರಣ ನಿತ್ಯ ಅಭ್ಯಾಸ ಮಾಡುವವರಲ್ಲಿ ಹಲವರು ಎರಡು ಜೊತೆಗಳನ್ನು ಇಟ್ಟುಕೊಂಡು, ಒಂದನ್ನು ಒಣಗಿಸುತ್ತ ಇನ್ನೊಂದನ್ನು ತೊಡುವರು.

ತರುಣನ ಬಳಿ ಇರುವುದು ಒಂದೇ ಜೊತೆ. ಅದರ ಅಂಗೈ ಸವೆದಿದೆ, ಹರಿದಿಲ್ಲ. ಇನ್ನೊಂದು ಜೊತೆಗೆ ತೆರಬೇಕಾದ ಹಣದಲ್ಲಿ ಊರಿನ ತಾಯಿಗೆ ಒಂದು ತಿಂಗಳ ಸಂತೆ ನಡೆಯುವುದು. ಕೊಂಡರೆ ಅತಿಯಾಸೆಯಾಯಿತೆಂದು ಮನಸ್ಸು ಚುಚ್ಚುವುದು. ಕೊಳ್ಳದಿದ್ದರೆ ಅಜಾಗರೂಕತೆಯಾಯಿತೆಂದು ಅದೇ ಮನಸ್ಸು ಹೆದರಿಸುವುದು. ಅವನು ಯಾವ ಮಾತನ್ನು ಕೇಳಬೇಕು?

ಈ ಪ್ರಶ್ನೆಯನ್ನು ಒಯ್ದು ನಿಲ್ಲಿಸಬೇಕಾದ ಬಾಗಿಲು ಆಯ್ದಕ್ಕಿ ಲಕ್ಕಮ್ಮನದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಮಾರಯ್ಯ, ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮಕ್ಕೆ ನೀಡಿ ಉಣ್ಣುವುದು ಅವರ ನೇಮ. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಆಸೆಯು ಭಕ್ತನ ಮನೆಗೆ ಸಲ್ಲದೆಂಬುದು ಅವಳ ನಿಲುವು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂಗ್ರಹವು ತನಗಾಗಿ ಆದರೆ ತಪ್ಪು, ಪರರಿಗಾಗಿ ಆದರೆ ಸರಿ ಎಂದು ಹೇಳಿ ಅನೇಕರು ಈ ಪ್ರಶ್ನೆಯನ್ನು ಬೇಗನೆ ಮುಗಿಸಿಬಿಡುವರು. ಲಕ್ಕಮ್ಮನ ಮುಂದೆ ಈ ಸಮಾಧಾನ ನಿಲ್ಲುವುದಿಲ್ಲ. ಮಾರಯ್ಯನು ತಂದ ಅಕ್ಕಿಯೂ ದಾಸೋಹಕ್ಕೇ ಸಲ್ಲಬೇಕಾದುದಾಗಿತ್ತು. ಆದರೂ ಅವಳು ಅದನ್ನು ಒಪ್ಪಲಿಲ್ಲ. ಹಾಗಾದರೆ ಅವಳು ಒಪ್ಪದುದು ಯಾವುದನ್ನು? ನಾಳೆಯ ಕಾಯಕದ ಮೇಲಿನ ಅವಿಶ್ವಾಸವನ್ನು. ನಾಳೆಯೂ ಅಂಗಳವಿದೆ, ಅಕ್ಕಿಯಿದೆ, ಆಯುವ ಕೈಯಿದೆ. ನಾಳೆಯ ಕಾಯಕವು ನಾಳೆ ತರಬಹುದಾದುದನ್ನು ಇಂದೇ ತಂದಿಟ್ಟರೆ ನಾಳೆ ಕೈಗೆ ಕೆಲಸವಿಲ್ಲ, ಮನಸ್ಸಿಗೆ ಭಯವೊಂದೇ ಉಳಿಯುವುದು. ದಾಸೋಹದ ಹೆಸರೂ ಆ ಭಯವನ್ನು ಶುದ್ಧಗೊಳಿಸಲಾರದು.

ಈ ನಿಲುವನ್ನು ಒಪ್ಪಿದ ಮೇಲೂ ಕೊಪ್ಪಳ ಸೀಮೆಯ ಒಕ್ಕಲಿಗನ ಮನೆಯಲ್ಲಿ ಒಂದು ಸಂದೇಹ ಏಳುವುದು. ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಮಳೆ ಬಿದ್ದು ನೆಲ ಹದಕ್ಕೆ ಬಂದರೆ ಆ ಹದ ನಿಲ್ಲುವುದು ಕೆಲವೇ ದಿನ. ಬಿತ್ತುವ ದಿನ ಕೂರಿಗೆಯ ಮಿಣಿ ಹರಿದರೆ, ಕುಳ ಮುರಿದರೆ, ಕಮ್ಮಾರನಲ್ಲಿಗೆ ಹೋಗಿ ಬರುವಷ್ಟರಲ್ಲಿ ಹದ ಆರುವುದು. ಹದ ಆರಿದರೆ ವರುಷ ಆರಿದಂತೆ. ಆದುದರಿಂದ ಅಲ್ಲಿಯ ಹಿರಿಯರು ಮಾಡಿನಲ್ಲಿ ಇನ್ನೊಂದು ಮಿಣಿಯನ್ನು, ಮೂಲೆಯಲ್ಲಿ ಇನ್ನೊಂದು ಕುಳವನ್ನು ಇಟ್ಟಿರುತ್ತಿದ್ದರು. ಬೀಜದ ಜೋಳವನ್ನಂತೂ ಹಸಿವಿದ್ದರೂ ಮುಟ್ಟುತ್ತಿರಲಿಲ್ಲ. ಇವರನ್ನು ಲೋಭಿಗಳೆಂದು ಯಾರೂ ಕರೆಯಲಿಲ್ಲ.

ಇದಕ್ಕಿಂತ ದೊಡ್ಡ ನಿದರ್ಶನವನ್ನು ಇದೇ ಸೀಮೆಯು 2024ರಲ್ಲಿ ಕಣ್ಣಾರೆ ಕಂಡಿತು. ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಜಲಾಶಯವು ಆಗ ತುಂಬಿ ನಿಂತಿತ್ತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯನ್ನು ನಂಬಿ ಗಂಗಾವತಿಯ ಒಕ್ಕಲುಗಳು ಭತ್ತ ಹಚ್ಚಿದ್ದ ಕಾಲ. ಗೇಟು ಹೋದ ಕಿಂಡಿಗೆ ಅಡ್ಡಲಾಗಿ ಇಳಿಸಬಹುದಾದ ತಡೆಹಲಗೆಗಳು ಅಲ್ಲಿ ಸಿದ್ಧವಾಗಿರಲಿಲ್ಲ. ಅವುಗಳನ್ನು ಸುತ್ತಣ ಕಾರ್ಖಾನೆಗಳಲ್ಲಿ ಹೊಸದಾಗಿ ಮಾಡಿಸಬೇಕಾಯಿತು. ವೃದ್ಧ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನ ಮೇಲೆ ಪ್ರಾಣವನ್ನು ಒತ್ತೆಯಿಟ್ಟು ಐದು ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಕಿಂಡಿಯನ್ನು ಮುಚ್ಚಿದರು. ಆ ಒಂದು ವಾರದಲ್ಲಿ ಹತ್ತಾರು ಟಿ.ಎಂ.ಸಿ. ನೀರು ಹೊಳೆಯ ಪಾಲಾಯಿತು. ಆಮೇಲೆ ಬಿದ್ದ ಮಳೆಗೆ ಜಲಾಶಯವು ಮತ್ತೆ ತುಂಬಿದುದು ನಾಡಿನ ಪುಣ್ಯ. ಆದರೆ ಆ ವಾರದ ರಾತ್ರಿಗಳಲ್ಲಿ ಗಂಗಾವತಿಯ ಗದ್ದೆಗಳ ಬದುವಿನ ಮೇಲೆ ಕುಳಿತವರಿಗೆ ಆ ಪುಣ್ಯವು ಇನ್ನೂ ಗೊತ್ತಿರಲಿಲ್ಲ.

ಅಣೆಕಟ್ಟಿನ ತಡೆಹಲಗೆಯು ವರ್ಷಾನುಗಟ್ಟಲೆ ಕೆಲಸವಿಲ್ಲದೆ ಬಿದ್ದಿರಬಹುದು. ಹಾಗೆಂದು ಅದನ್ನು ವ್ಯರ್ಥಸಂಗ್ರಹವೆನ್ನಲಾಗದು. ಆದುದರಿಂದ ಬಳಸುವುದು ಧರ್ಮ, ಬಳಸದೆ ಇಡುವುದು ಅಧರ್ಮ ಎಂಬ ಸುಲಭ ಸೂತ್ರವೂ ಇಲ್ಲಿ ಸಾಲದು.

ಲಕ್ಕಮ್ಮನ ಅಕ್ಕಿಯನ್ನೂ ಅಣೆಕಟ್ಟಿನ ಹಲಗೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಭೇದವು ತಾನಾಗಿ ತೋರುವುದು. ಅಕ್ಕಿಯು ಕಾಯಕದ ಫಲ. ಹಲಗೆಯು ಕಾಯಕದ ಸಾಧನ. ನಾಳೆಯ ಫಲವನ್ನು ನಾಳೆಯ ಕಾಯಕವೇ ತರುವುದು. ಆದುದರಿಂದ ಅದನ್ನು ಇಂದು ಕೂಡಿಡಬೇಕಾಗಿಲ್ಲ. ಆದರೆ ಯಾವುದು ಇಲ್ಲದೆ ನಾಳೆಯ ಕಾಯಕವೇ ನಿಂತುಹೋಗುವುದೋ, ಯಾವುದನ್ನು ಬೇಕಾದ ಗಳಿಗೆಯಲ್ಲಿ ತರಲಾಗದೋ, ಯಾವುದರ ಅಭಾವದಿಂದ ನೆರೆಯವರ ಬದುಕು ಕೆಡುವುದೋ, ಅದನ್ನು ಮೊದಲೇ ಸಿದ್ಧವಾಗಿಡುವುದು ಕಾಯಕದ ಒಂದಂಗ. ಹಿಂದಿನವರು ಬಳಸಿದ ‘ಸನ್ನಾಹ’ವೆಂಬ ಶಬ್ದಕ್ಕೆ ಸಿದ್ಧತೆಯೆಂಬ ಅರ್ಥವೂ ಇದೆ, ಕವಚವೆಂಬ ಅರ್ಥವೂ ಇದೆ. ಸಂಗ್ರಹವು ಭಯದಿಂದ ಹುಟ್ಟುವುದು. ಸನ್ನಾಹವು ಹೊಣೆಯಿಂದ ಹುಟ್ಟುವುದು. ಅಂಬಿಗರ ಚೌಡಯ್ಯನಂಥ ಕಾಯಕಜೀವಿಯು ದೋಣಿಯಲ್ಲಿ ಇನ್ನೊಂದು ಹುಟ್ಟನ್ನು ಇಟ್ಟುಕೊಂಡಿದ್ದರೆ ಅದನ್ನು ಆಸೆಯೆನ್ನಬಹುದೆ? ದೋಣಿಯಲ್ಲಿ ಕುಳಿತವರು ಅವನನ್ನು ನಂಬಿ ಕುಳಿತವರಲ್ಲವೆ?

ಆದರೆ ಈ ವಿವೇಚನೆಯನ್ನು ಹಿಡಿದು ಎಲ್ಲ ಕೊಳ್ಳುವಿಕೆಯನ್ನೂ ಸಮರ್ಥಿಸಹೊರಡುವವರೂ ಉಂಟು. ಮನುಷ್ಯನ ಮನಸ್ಸು ತನ್ನ ಆಸೆಗೆ ಹೊಣೆಯ ಅಂಗಿಯನ್ನು ತೊಡಿಸುವುದರಲ್ಲಿ ಬಲು ಜಾಣ. ಆದಕಾರಣ ತರುಣನು ತನ್ನ ವಿಷಯವನ್ನು ಈ ಒರೆಗಲ್ಲಿಗೆ ಪ್ರಾಮಾಣಿಕವಾಗಿ ಉಜ್ಜಿ ನೋಡಬೇಕು.

ಮೊದಲನೆಯದಾಗಿ, ಕೈಗವಸು ಅಣೆಕಟ್ಟಿನ ಗೇಟಿನಂತೆ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುವುದಿಲ್ಲ. ಅದು ಮೆಲ್ಲನೆ ಸವೆಯುವುದು. ಸವೆತವು ಕಣ್ಣಿಗೆ ಕಾಣುವುದು. ಅಂಗೈಯ ತೊಗಲನ್ನು ಬಿಚ್ಚಿ ಬೇರೆ ತೊಗಲು ಹೊಲಿಸುವ ಪದ್ಧತಿ ಆ ವಿದ್ಯೆಯಲ್ಲಿಯೇ ಇದೆ. ದುರಸ್ತಿಯು ಕಾಯಕಕ್ಕೆ ತೋರುವ ಗೌರವ. ಹೊಲಿಯಬಹುದಾದುದನ್ನು ಹೊಲಿಯದೆ ಹೊಸದನ್ನು ತರುವವನು ಆ ಗೌರವವನ್ನು ಮರೆಯುವನು.

ಎರಡನೆಯದಾಗಿ, ಕೈಗವಸು ದುರಸ್ತಿಗೆ ಹೋದ ದಿನಗಳಲ್ಲಿ ಅಭ್ಯಾಸವು ಪೂರ್ತಿಯಾಗಿ ನಿಲ್ಲುವುದಿಲ್ಲ. ಹೆಜ್ಜೆಯ ಅಭ್ಯಾಸಕ್ಕೆ, ಗಾಳಿಯಲ್ಲಿ ಕೋಲು ಬೀಸುವ ಅಭ್ಯಾಸಕ್ಕೆ, ಮರದ ಕತ್ತಿಯಿಂದ ಮಾಡುವ ‘ಕಾತಾ’ ಎಂಬ ಕ್ರಮಕ್ಕೆ ಕವಚವೇ ಬೇಕಾಗಿಲ್ಲ. ಹದ ಆರುವ ಭಯ ಇಲ್ಲಿಲ್ಲ. ಇದ್ದರೆ ಇರುವುದು ಸಹಪಾಠಿಗಳ ಮುಂದೆ ಹಿಂದೆ ಬಿದ್ದೆನೆಂಬ ಅಳುಕು ಮಾತ್ರ. ಅದನ್ನು ಹಣ ಕೊಟ್ಟು ಕಳೆಯಲಾಗದು.

ಮೂರನೆಯ ಮಾತು ಇವೆರಡಕ್ಕಿಂತ ಗಂಭೀರವಾದುದು. ಅಂಗೈ ಹರಿದ ಕೈಗವಸನ್ನು ಮಿತವ್ಯಯದ ಹೆಸರಿನಲ್ಲಿ ತೊಡುವುದು ವ್ರತವಾಗಲಾರದು. ಹಾಗೆ ನಿಂತವನ ಕೈಗೆ ಮಾತ್ರ ಅಪಾಯವೆಂದು ತಿಳಿಯಬಾರದು. ಎದುರು ನಿಂತ ಜೊತೆಗಾರನು ಪೆಟ್ಟು ಕೊಡಲು ಹಿಂಜರಿಯುವನು, ಅವನ ಕಲಿಕೆಯೂ ಕೆಡುವುದು. ತನ್ನ ವೈರಾಗ್ಯದ ಭಾರವನ್ನು ಇನ್ನೊಬ್ಬನ ಮೇಲೆ ಹೇರುವವನು ವಿರಾಗಿಯಲ್ಲ. ದೇಹವು ಶರಣರಿಗೆ ದೇಗುಲ. ದೇಗುಲದ ಗೋಡೆ ಬಿರಿದಾಗ ಸುಣ್ಣದ ಖರ್ಚನ್ನು ಎಣಿಸುವವನನ್ನು ಭಕ್ತನೆಂದು ಯಾರೂ ಹೇಳರು.

ಹೀಗೆ ನೋಡಿದರೆ ಉತ್ತರವು ಕಾಲವನ್ನು ಅವಲಂಬಿಸಿದೆ. ಸವೆದಿದ್ದರೆ ಹೊಲಿಸಬೇಕು, ಹೊಲಿಗೆಯೂ ನಿಲ್ಲದಿದ್ದರೆ ಕೊಳ್ಳಬೇಕು. ವಾರಕ್ಕೊಮ್ಮೆ ಅಭ್ಯಾಸ ಮಾಡುವವನಿಗೆ ಒಂದು ಜೊತೆ ಒಣಗಲು ಆರು ದಿನಗಳುಂಟು; ಎರಡನೆಯದು ಅವನಿಗೆ ಅಲಂಕಾರ. ದಿನವೂ ಮಾಡುವವನಿಗೆ ಒದ್ದೆಯ ಜೊತೆಯು ಬೇಗ ಕೆಡುವುದರಿಂದ ಎರಡನೆಯದು ಮೊದಲನೆಯದರ ಆಯುಷ್ಯವನ್ನೇ ಹೆಚ್ಚಿಸುವುದು. ಅಲ್ಲಿ ಅದು ಸನ್ನಾಹ. ಒಂದೇ ವಸ್ತುವು ಒಬ್ಬನ ಮನೆಯಲ್ಲಿ ಆಸೆಯೂ ಇನ್ನೊಬ್ಬನ ಮನೆಯಲ್ಲಿ ಅವಶ್ಯಕತೆಯೂ ಆಗುವುದು ಹೀಗೆ.

ಆದರೂ ಒಂದು ಮಾತು ಉಳಿಯುವುದು. ಅಣೆಕಟ್ಟುಗಳಲ್ಲಿ ಪ್ರತಿ ಕಿಂಡಿಗೂ ಬೇರೆ ಬೇರೆ ತಡೆಹಲಗೆಗಳನ್ನು ಇಡುವುದಿಲ್ಲ. ಒಂದು ಜೊತೆಯೇ ಬೇಕಾದ ಕಿಂಡಿಗೆ ಸಲ್ಲುವಂತೆ ಇಡುವುದು ವಾಡಿಕೆ. ಅಂತೆಯೇ ಹತ್ತು ಮಂದಿ ಕಲಿಯುವಲ್ಲಿ ಹತ್ತು ಪೆಟ್ಟಿಗೆಗಳಲ್ಲಿ ಹತ್ತು ಹೆಚ್ಚಿನ ಜೊತೆಗಳು ಮಲಗಿರಬೇಕಾದುದಿಲ್ಲ. ಎಲ್ಲರೂ ಕೂಡಿ ತಂದ ಒಂದೆರಡು ಜೊತೆಗಳು ಅಭ್ಯಾಸದ ಮನೆಯ ಗೂಟಕ್ಕೆ ತೂಗುತ್ತಿದ್ದರೆ, ಯಾರದು ಹರಿಯಿತೋ ಅವರಿಗೆ ಅಂದು ಅದು ಒದಗುವುದು; ಕೊಳ್ಳಲಾರದ ಹೊಸಬನಿಗೂ ಒದಗುವುದು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಬರುವ ರೊಟ್ಟಿಗಳು ಲಕ್ಷಗಟ್ಟಲೆಯಾಗಿ ರಾಶಿ ಬೀಳುವುವು. ಆ ರಾಶಿಯನ್ನು ನೋಡಿ ಯಾರೂ ಸಂಗ್ರಹವೆನ್ನುವುದಿಲ್ಲ. ಅದು ಯಾರೊಬ್ಬರ ಮನೆಯದೂ ಅಲ್ಲ. ಉಣ್ಣುವವರ ಸಾಲು ಅದರ ಎದುರಿಗೇ ಇದೆ. ಜಾತ್ರೆ ಮುಗಿಯುವಷ್ಟರಲ್ಲಿ ರಾಶಿಯೂ ಕರಗುವುದು.

ತರುಣನು ಆ ಹಣದಿಂದ ಮೊದಲು ತನ್ನ ಕೈಗವಸಿಗೆ ಹೊಸ ತೊಗಲು ಹೊಲಿಸಲಿ. ಮಿಕ್ಕುದರಲ್ಲಿ ತಾಯಿಯ ಸಂತೆ ನಡೆಯಲಿ. ಸಾಮರ್ಥ್ಯವಿದ್ದರೆ ಗೂಟಕ್ಕೆ ತೂಗುವ ಜೊತೆಗೆ ಒಂದು ಪಾಲು ಕೊಡಲಿ. ಲಕ್ಕಮ್ಮನು ಆ ಅಭ್ಯಾಸದ ಮನೆಯ ಬಾಗಿಲಿಗೆ ಬಂದು ನಿಂತರೂ ಗೂಟದ ಮೇಲಿನ ಆ ಜೊತೆಯನ್ನು ಹಿಂದಕ್ಕೆ ಕೊಟ್ಟು ಬಾ ಎಂದು ಹೇಳಲಿಕ್ಕಿಲ್ಲ.