ಸಕಾರಣ ಭಯಕ್ಕೆ ಯಾವ ಮದ್ದು?

ಕಾರಣವಿಲ್ಲದ ಭಯವನ್ನು ಇಳಿಸುವ ಉಪಾಯಗಳು ಮನಶ್ಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು. ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಯಲ್ಲಿ ರೋಗಿಗೆ ಕೇಳುವ ಮುಖ್ಯ ಪ್ರಶ್ನೆ, ‘ನಿನಗೆ ಹೀಗೆ ಅನಿಸುತ್ತಿರುವುದಕ್ಕೆ ಪುರಾವೆ ಏನು?’ ಎಂಬುದು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ ಬದುಕೇ ಮುಗಿಯಿತು ಎನ್ನುವ ಹುಡುಗನಿಗೆ ಈ ಪ್ರಶ್ನೆ ನಿಜಕ್ಕೂ ನೆರವಾಗುತ್ತದೆ. ಪುರಾವೆ ಹುಡುಕುತ್ತ ಹೋದಂತೆ ಅವನ ಭಯ ಸಡಿಲವಾಗುತ್ತದೆ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ಮಗುವಿಗೆ ಮಳೆಯೆಂದರೆ ಹೆದರಿಕೆಯಾದರೆ, ಪುರಾವೆ ಮಗುವಿನ ಕಡೆಗೇ ಇದೆ. ಅಲ್ಲಿ ನಾವು ಏನು ಹೇಳಬೇಕು?

‘ಏನೂ ಆಗಲ್ಲ ಬಿಡು’ ಎನ್ನುವುದು ನಮ್ಮ ಮನೆಗಳ ರೂಢಿಯ ಉತ್ತರ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಹವಾಮಾನದ ಸುದ್ದಿ ಓದಿ ಹೆದರಿದ ಹದಿನಾಲ್ಕರ ಹುಡುಗಿಗೆ ಈ ಮಾತಿನಿಂದ ತಿಳಿಯುವುದು ಬೇರೆಯೇ: ಇವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮಾತಾಡಲು ಸಿದ್ಧರಿಲ್ಲ. ಆಮೇಲೆ ಅವಳು ಕೇಳುವುದನ್ನೇ ಬಿಡುತ್ತಾಳೆ. ರಾತ್ರಿ ಫೋನಿನಲ್ಲಿ ಒಬ್ಬಳೇ ನೋಡುತ್ತಾಳೆ.

2021ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ನಲ್ಲಿ ಕ್ಯಾರೊಲಿನ್ ಹಿಕ್ಮನ್ ಮತ್ತು ಸಂಗಡಿಗರ ಸಮೀಕ್ಷೆಯೊಂದು ಅಚ್ಚಾಯಿತು. ಭಾರತವೂ ಸೇರಿ ಹತ್ತು ದೇಶಗಳ, 16ರಿಂದ 25 ವರ್ಷದ ಹತ್ತು ಸಾವಿರ ಮಂದಿಯನ್ನು ಅವರು ಮಾತಾಡಿಸಿದ್ದರು. ಹವಾಮಾನ ಬದಲಾವಣೆ ತಮ್ಮನ್ನು ಬಹಳವಾಗಿ ಕಾಡುತ್ತಿದೆ ಎಂದವರು ಶೇ 59. ಅದರಿಂದ ದಿನದ ಬದುಕೇ ಕೆಡುತ್ತಿದೆ ಎಂದವರು ಶೇ 45ಕ್ಕೂ ಹೆಚ್ಚು. ಈ ಅಂಕಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ವರದಿಯ ಇನ್ನೊಂದು ಮಾತು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸರ್ಕಾರಗಳು ಮಾಡಬೇಕಾದದ್ದನ್ನು ಮಾಡುತ್ತಿಲ್ಲ, ನಮಗೆ ದ್ರೋಹವಾಗಿದೆ ಎಂಬ ಭಾವನೆ ಎಷ್ಟು ಹೆಚ್ಚೋ ಅವರ ಸಂಕಟವೂ ಅಷ್ಟು ಹೆಚ್ಚಾಗಿತ್ತು. ಅಂದರೆ ಈ ಮಕ್ಕಳ ಭಯ ಬರೀ ಬಿಸಿಲು, ನೆರೆಗಳದ್ದಲ್ಲ. ಹಿರಿಯರು ತಮ್ಮನ್ನು ಕೈಬಿಟ್ಟಿದ್ದಾರೆ ಎಂಬ ಭಯವೂ ಅದರಲ್ಲಿದೆ. ಉಸಿರಾಟದ ಅಭ್ಯಾಸದಿಂದ ಎದೆಬಡಿತ ಇಳಿದೀತು, ಅದು ಬೇಕು ಕೂಡ. ಕೈಬಿಟ್ಟವರು ತಿರುಗಿ ಬರುವುದು ಉಸಿರಾಟದಿಂದಲ್ಲ.

ಹಾಗಾದರೆ ಮಕ್ಕಳನ್ನೇ ಕೆಲಸಕ್ಕೆ ಹಚ್ಚೋಣ ಎಂಬ ವಾದವಿದೆ. ಇದರಲ್ಲಿ ಅರ್ಧ ಸತ್ಯವಿದೆ. ತನ್ನ ಕೈಯಿಂದ ಏನಾದರೂ ಸಾಧ್ಯ ಎಂಬ ನಂಬಿಕೆ ಮುಖ್ಯವಾಗಿ ಮಾಡಿ ಗೆದ್ದ ಅನುಭವದಿಂದ ಹುಟ್ಟುತ್ತದೆ, ಬರೀ ಭಾಷಣದಿಂದಲ್ಲ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ತೋರಿಸಿದರು. ಆದರೆ ಸ್ವೀಡನ್ನಿನ ಸಂಶೋಧಕಿ ಮರಿಯಾ ಓಯಾಲಾ ಹನ್ನೆರಡು ವರ್ಷದ ಮಕ್ಕಳನ್ನು ಕುರಿತು 2012ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮನ್ನು ಎಚ್ಚರಿಸುತ್ತದೆ. ‘ನಾನೇನು ಮಾಡಲಿ’ ಎಂಬ ದಾರಿಯಲ್ಲೇ ಹವಾಮಾನದ ಚಿಂತೆಯನ್ನು ಎದುರಿಸುತ್ತಿದ್ದ ಮಕ್ಕಳಲ್ಲಿ ಕಳವಳ ಕಡಿಮೆಯಿರಲಿಲ್ಲ, ಹೆಚ್ಚಾಗಿತ್ತು. ಕಷ್ಟವನ್ನು ಕಷ್ಟವೆಂದೇ ಒಪ್ಪಿಕೊಂಡು, ಅದರೊಳಗೂ ಅರ್ಥ ಕಂಡುಕೊಂಡು, ವಿಜ್ಞಾನಿಗಳೋ ಸಂಘಟನೆಗಳೋ ತಮ್ಮ ಜೊತೆಗಿದ್ದಾರೆ ಎಂದು ನಂಬಿದವರ ಮನಸ್ಸು ಹೆಚ್ಚು ಗಟ್ಟಿಯಾಗಿತ್ತು.

ಆ ನಂಬಿಕೆಯನ್ನು ಮಗು ಕಣ್ಣುಮುಚ್ಚಿ ಕುಳಿತು ಒಬ್ಬಂಟಿಯಾಗಿ ಅಭ್ಯಾಸ ಮಾಡಲಾಗದು. ನಂಬಬೇಕಾದರೆ ನಂಬಿಕೆಗೆ ತಕ್ಕವರು ಎದುರಿಗಿರಬೇಕು. ಇಲ್ಲಿಗೆ ಮಗುವಿನ ಮನಸ್ಸಿನ ಪ್ರಶ್ನೆ ನಮ್ಮ ನಡತೆಯ ಪ್ರಶ್ನೆಯಾಗುತ್ತದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಿತು. ಪಾಠ ಬಂತು, ಪರೀಕ್ಷೆಯೂ ಬಂತು. ಜೂನ್ 5ರಂದು ‘ಭೂಮಿಯನ್ನು ಉಳಿಸಿ’ ಎಂದು ಚಿತ್ರ ಬರೆಸುತ್ತೇವೆ. ಮತವಿಲ್ಲದ, ದುಡ್ಡಿಲ್ಲದ, ಅಧಿಕಾರವಿಲ್ಲದ ಮಕ್ಕಳ ತಲೆಯ ಮೇಲೆ ಭೂಮಿಯನ್ನೇ ಹೊರಿಸಿ, ನಾವು ಮಾತ್ರ ಮೊದಲಿನಂತೆಯೇ ಬದುಕಿದರೆ, ಅವರೊಳಗೆ ಬೆಳೆಯುವುದು ಪರಿಸರಪ್ರಜ್ಞೆಗಿಂತ ಹೆಚ್ಚಾಗಿ ಪಾಪಪ್ರಜ್ಞೆ.

ಬೇರೆ ಮಾದರಿ ನಮ್ಮ ನೆಲದಲ್ಲೇ ಇದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿಕೊಂಡರು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ಇದ್ದರು. ಅಪ್ಪಿಕೋ ಚಳವಳಿಯನ್ನು ಕಾಡಿನ ಲೆಕ್ಕದಲ್ಲಿ ನಾವು ಸ್ಮರಿಸುತ್ತೇವೆ, ಸರಿಯೇ. ನನಗೆ ಮುಖ್ಯವೆನಿಸುವುದು ಅಲ್ಲಿದ್ದ ಮಕ್ಕಳ ಸ್ಥಿತಿ. ಊರಿಗೇ ಬಂದ ಆತಂಕ ಅದು. ಅಮ್ಮ, ಅಪ್ಪ, ಪಕ್ಕದ ಮನೆಯವರು ಅದನ್ನು ಹಂಚಿಕೊಂಡಿದ್ದರು.

ಇದೆಲ್ಲ ಇಂಗ್ಲಿಷ್ ಶಾಲೆಯ ಮಕ್ಕಳ ಚಿಂತೆ, ಬಡವರ ಮಕ್ಕಳಿಗೆ ಹೊಟ್ಟೆಪಾಡೇ ಚಿಂತೆ ಎನ್ನುವವರಿದ್ದಾರೆ. ಒಪ್ಪಲಾರೆ. ಬರದ ವರ್ಷ ಅಪ್ಪ ಗುಳೆ ಹೊರಟಾಗ ಶಾಲೆ ಬಿಡುವ ರಾಯಚೂರಿನ ಹುಡುಗನಿಗೆ ಹೊಟ್ಟೆಪಾಡೂ ಹವಾಮಾನವೂ ಬೇರೆಬೇರೆಯಲ್ಲ. ಅವನ ಸಂಕಟಕ್ಕೆ ನಾವಿನ್ನೂ ಹವಾಮಾನದ ಆತಂಕ ಎಂಬ ಹೆಸರು ಕೊಟ್ಟಿಲ್ಲ, ಅಷ್ಟೇ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸಕಾರಣ ಭಯವೂ ಕಾಯಿಲೆಯಾಗಬಹುದು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಗೆಳೆಯರೂ ಬೇಡವಾಗಿದ್ದಾರೆ ಎಂದಾದರೆ ತತ್ತ್ವ ಹೇಳುತ್ತ ಕೂರಬಾರದು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದಂತೆ, ‘ನನಗೂ ಹೆದರಿಕೆಯಿದೆ, ಬಾ, ಏನು ಮಾಡಬಹುದು ನೋಡೋಣ’ ಎಂದು ಹೇಳಬಲ್ಲ ಒಬ್ಬ ಹಿರಿಯರು ಮನೆಯಲ್ಲಿ ಬೇಕು. ಊರಿನಲ್ಲೂ ಬೇಕು. ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕೆರೆಗೆ ಕೊಳಚೆ ಬರುತ್ತಿದೆ, ಶಾಲೆಯ ಹತ್ತಿರ ಕಸ ಸುಡುತ್ತಾರೆ ಎಂದು ಮಕ್ಕಳು ಎದ್ದು ನಿಂತು ಹೇಳಬಹುದಾದ ಜಾಗ ಅದು. ಮುಂದಿನ ವರ್ಷದ ಸಭೆಯಲ್ಲಿ ಹಾರ ತುರಾಯಿಗೆ ಮೊದಲು ಅಧ್ಯಕ್ಷರು ಹಿಂದಿನ ವರ್ಷದ ಅಹವಾಲುಗಳನ್ನು ಒಂದೊಂದಾಗಿ ಓದಲಿ. ಆದದ್ದು ಯಾವುದು, ಆಗದೆ ಉಳಿದದ್ದು ಯಾವುದು, ಯಾಕೆ ಆಗಲಿಲ್ಲ ಎಂಬುದನ್ನು ಕೇಳಿದ ಆ ಮಕ್ಕಳಿಗೇ ಹೇಳಲಿ.