‘ಜಾಣ ಮಗು ಅಳೋದಿಲ್ಲ’ ಅನ್ನಬಹುದೇ?

ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧಿಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. ಅದು ಮೂಲದಲ್ಲಿ ನಮ್ಮ ಹಿತ್ತಲಿನ ನಿತ್ಯಪುಷ್ಪದಿಂದ, ಗುಜರಾತಿಗಳು ‘ಬಾರಮಾಸಿ’ ಅನ್ನುವ ಗಿಡದಿಂದ ಬಂದದ್ದು. ರಕ್ತನಾಳದೊಳಗೆ ಹರಿದರೆ ಮದ್ದು. ನಾಳದಿಂದ ಹೊರಗೆ ಸೋರಿದರೆ ಅದೇ ಮದ್ದು ಚರ್ಮ, ಮಾಂಸವನ್ನು ಸುಡಬಲ್ಲದು. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಕೂಡ ಹಾಗೆಯೇ. ಗಾಯ ವಾರಗಟ್ಟಲೆ ಆಳವಾಗುತ್ತಾ ಹೋಗಬಹುದು, ಚರ್ಮದ ಕಸಿಯೂ ಬೇಕಾಗಬಹುದು.

ಮಕ್ಕಳ ನರ ಸಣ್ಣದು, ಕೈ ಆಡಿಸದೆ ಅವರು ಇರಲಾರರು. ಹಾಗಾಗಿ ಎಷ್ಟೇ ಎಚ್ಚರ ವಹಿಸಿದರೂ ಸೋರಿಕೆ ಆಗಬಹುದು. ಆದರೆ ಬೇಗ ಗೊತ್ತಾದರೆ ಡ್ರಿಪ್ ನಿಲ್ಲಿಸಿ, ಅದೇ ಸೂಜಿಯಿಂದ ಉಳಿದ ಔಷಧಿಯನ್ನು ಹೊರಗೆಳೆದು, ಹಾನಿ ತಗ್ಗಿಸಬಹುದು. ವಿನ್‌ಕ್ರಿಸ್ಟಿನ್ನಿಗೆ ಬಿಸಿ ಶಾಖ, ಡಾಕ್ಸೊರುಬಿಸಿನ್ನಿಗೆ ತಣ್ಣನೆಯದು. ಬೇಗ ಗೊತ್ತಾಗುವುದು ಹೇಗೆ? ಊತ ಕಾಣಬೇಕು, ಇಲ್ಲವೇ ಮಗು ‘ಉರೀತಿದೆ’ ಅನ್ನಬೇಕು.

ನನ್ನ ಪ್ರಶ್ನೆ ಇಲ್ಲಿದೆ. ಸೂಜಿ ಕಂಡರೇ ಅಳುವ ಮಗುವಿನ ಮಾತನ್ನು ಎಷ್ಟು ಸಲ ನಂಬಬೇಕು? ನಮ್ಮ ಐಟಿ ಕೆಲಸದಲ್ಲಿ ಅಲರ್ಟ್ ಪದೇ ಪದೇ ಬಂದರೆ ಯಾರೂ ತೆರೆದು ನೋಡುವುದಿಲ್ಲ. ಹಾಗಂತ ಅಲರ್ಟೆಲ್ಲ ಸುಳ್ಳು ಎಂದಲ್ಲ, ನಮ್ಮ ಕಿವಿ ದಣಿದಿದೆ ಅಷ್ಟೆ. ಹತ್ತಾರು ಹಾಸಿಗೆ ನೋಡಿಕೊಳ್ಳುವ ನರ್ಸಿನ ಕಿವಿಯೂ ದಣಿಯುತ್ತದೆ. ಪ್ರತಿ ಅಳುವಿಗೂ ನಿಲ್ಲಿಸಿದರೆ ಚಿಕಿತ್ಸೆ ಮುಗಿಯುವುದಿಲ್ಲ, ಮತ್ತೆ ಚುಚ್ಚಿದರೆ ಅದೂ ನೋವೇ. ಆದರೂ ತಪ್ಪು ಕರೆಗೆ ಓಗೊಟ್ಟರೆ ಹೋಗುವುದು ಕೆಲವು ನಿಮಿಷ, ನಿಜದ ಕರೆಯನ್ನು ಕಡೆಗಣಿಸಿದರೆ ಹೋಗುವುದು ಮಗುವಿನ ಕೈ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇನ್ನೊಂದು ತೊಡಕು ಭಾಷೆಯದು. ಅಹಮದಾಬಾದಿನಲ್ಲಿ 1972ರಲ್ಲಿ ಶುರುವಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ರಾಜಸ್ಥಾನ, ಮಧ್ಯಪ್ರದೇಶಗಳಿಂದಲೂ ರೋಗಿಗಳು ಬರುತ್ತಾರೆ. ಸೂರತ್ತಿನ ಮಗ್ಗಗಳಲ್ಲಿ ಒಡಿಯಾ ಕಾರ್ಮಿಕರಿದ್ದಾರೆ, ವಡೋದರಾದ ಕಾರ್ಖಾನೆಗಳಲ್ಲಿ ನಮ್ಮಂಥವರಿದ್ದೇವೆ. ಗುಜರಾತಿಯಲ್ಲಿ ನೋವಿಗೆ ‘ದುಖೆ ಛೆ’, ಉರಿಗೆ ‘ಬಳೆ ಛೆ’. ಕನ್ನಡದ ಮಗು ‘ಉರಿ’ ಅಂದರೆ ಯಾರಿಗೆ ತಿಳಿಯಬೇಕು? ಹೊರನಾಡಿನಲ್ಲಿ ಕೆಲಸಕ್ಕೆ ಬೇಕಾದಷ್ಟು ಭಾಷೆ ಕಲಿಯುತ್ತೇವೆ, ನೋವು ಹೇಳಿಕೊಳ್ಳುವಷ್ಟು ಕಲಿಯುವುದಿಲ್ಲ. ಆ ಒಂದು ಪದವನ್ನು ಚಿಕಿತ್ಸೆಗೆ ಮೊದಲೇ ನರ್ಸಿಗೆ ಹೇಳಿಕೊಡುವುದು ಅಪ್ಪ ಅಮ್ಮನ ಕೆಲಸ. ಕೇಳಿ ತಿಳಿದುಕೊಳ್ಳುವುದು ಆಸ್ಪತ್ರೆಯ ಕೆಲಸ.

ಇದಕ್ಕೆಲ್ಲ ಅಡ್ಡ ಬರುವುದು ನಾವು ಪ್ರೀತಿಯಿಂದಲೇ ಆಡುವ ಮಾತು: ‘ಜಾಣ ಮಗು ಅಳೋದಿಲ್ಲ’. ಸಹನೆ ದೊಡ್ಡ ಗುಣ ನಿಜ. ಆದರೆ ಡ್ರಿಪ್ ಹಾಕಿಸಿಕೊಂಡ ಮಗುವಿಗೆ ಸಹಿಸು ಅನ್ನುವುದು, ಅದಕ್ಕಿರುವ ಒಂದೇ ಕಾವಲನ್ನು ಕಸಿದುಕೊಂಡಂತೆ. ಅಲ್ಲಿ ಹೇಳಬೇಕಾದದ್ದು ಬೇರೆ: ‘ಉರಿದರೆ ತಕ್ಷಣ ಹೇಳು ಕಂದಾ, ಎಷ್ಟು ಸಲ ಹೇಳಿದರೂ ಬೈಯಲ್ಲ.’